ಕೂಸಿಲ್ಲದ ಬಸಿರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಹೀರಾಬಾದಿನಲ್ಲಿ ಹೆರಿಗೆ ವೈದ್ಯೆಯಾಗಿದ್ದೆ. ಒಂದು ಬೆಳಿಗ್ಗೆ ನ್ಯಾಲ್ಕಲ್ ಕಡೆಯ ಹಳ್ಳಿಯಿಂದ ಈರಮ್ಮ ಎಂಬವಳನ್ನು ಜೀಪಿನಲ್ಲಿ ಕರೆತಂದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಮೊದಲ ಬಸಿರು. ನಾಲ್ಕೇ ತಿಂಗಳಿಗೆ ಹೊಟ್ಟೆ ಏಳು ತಿಂಗಳಷ್ಟು ಬೆಳೆದಿತ್ತು. ಅವಳಿ ಮಕ್ಕಳೆಂದು ಹಿಗ್ಗಿದ ಅತ್ತೆ ಗುಂಡಮ್ಮ ಆಗಲೇ ಸೀಮಂತದ ಕುಬಸ ಮಾಡಿ, ಸೊಸೆಯ ಮುಂಗೈ ತುಂಬ ಹಸಿರು ಬಳೆ ತೊಡಿಸಿದ್ದಳು. ಈಗ ರಕ್ತ ಹೋಗುತ್ತಿತ್ತು; ವಾಂತಿ ನಿಂತಿರಲಿಲ್ಲ.

ಹೊಟ್ಟೆಯ ಮೇಲೆ ಕೊಳವೆಯಿಟ್ಟು ಆಲಿಸಿದೆ. ಎಲ್ಲೂ ಎದೆಬಡಿತವಿಲ್ಲ. ಸ್ವಲ್ಪ ಹೊತ್ತಿಗೆ ರಕ್ತದ ಜೊತೆ ಸಣ್ಣ ದ್ರಾಕ್ಷಿಯಂಥ ನೀರುಗುಳ್ಳೆಗಳು ಬಂದವು. ಇದಕ್ಕೆ ಮೋಲಾರ್ ಗರ್ಭ ಎನ್ನುತ್ತಾರೆ. ಸಾಮಾನ್ಯ ಬಸಿರಿನಲ್ಲಿ ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ ಬೆಳೆದು, ಕೆಲವು ಕೂಸಾಗುತ್ತವೆ, ಕೆಲವು ಕೂಸನ್ನು ಸಾಕುವ ಮಾಸಾಗುತ್ತವೆ. ಇಲ್ಲಿ ಮಾಸಿನ ಕೋಶಗಳಷ್ಟೇ ಅಂಕೆಯಿಲ್ಲದೆ ವಿಭಜನೆಯಾಗುತ್ತ ಹೋಗುತ್ತವೆ. ಕೂಸು ಇರುವುದೇ ಇಲ್ಲ.

ಅರಿವಳಿಕೆ ಕೊಟ್ಟು ಗರ್ಭಕೋಶ ಖಾಲಿ ಮಾಡಿದೆವು. ಈರಮ್ಮ ಬದುಕಿದಳು. ತೆಗೆದದ್ದನ್ನು ತೋರಿಸಲೇಬೇಕೆಂದು ಗುಂಡಮ್ಮ ಹಟ ಹಿಡಿದಳು. ನರ್ಸ್ ಬಟ್ಟಲಿನ ಮೇಲಿನ ಬಟ್ಟೆ ಸರಿಸುತ್ತಿದ್ದಂತೆ ಅವಳು ಬಟ್ಟಲನ್ನೇ ಕಸಿದುಕೊಂಡು, ಆಗಷ್ಟೇ ಕಣ್ಣು ತೆರೆದಿದ್ದ ಸೊಸೆಯ ಮುಖದೆದುರು ಹಿಡಿದಳು.

"ನೋಡು, ಕಣ್ ತುಂಬ ನೋಡು. ಇದೇ ನೋಡ್ ನೀ ಹಡದ ಕೂಸು."

ಗಂಡ ಮಾಣಿಕಪ್ಪ ಬಾಗಿಲ ಬಳಿಯೇ ನಿಂತಿದ್ದ.

ಒಳಗೆ ಉಳಿದ ಚೂರು ಮತ್ತೆ ಬೆಳೆದರೆ ಕ್ಯಾನ್ಸರ್ ಆಗಬಹುದು, ಒಂದು ವರ್ಷ ಬಸಿರಾಗಕೂಡದು, ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಆಗಬೇಕು ಎಂದು ಅವರಿಗೆ ವಿವರಿಸಿದೆ. ಇದರಲ್ಲಿ ಈರಮ್ಮನ ತಪ್ಪೇನಿಲ್ಲ ಎಂದೂ ಹೇಳಿದೆ. ಒಂದು ವರ್ಷ ಎಂಬ ಮಾತನ್ನಷ್ಟೇ ಅವರು ಕೇಳಿಸಿಕೊಂಡರು. ಸುಗ್ಗಿ ಮುಗಿಯುವುದರೊಳಗೆ ಮಾಣಿಕಪ್ಪನಿಗೆ ಇನ್ನೊಂದು ಮದುವೆಯಾಯಿತು. ಈರಮ್ಮ ಕೊಹೀರಿನ ತವರು ಸೇರಿದಳು. ಅಲ್ಲಿಂದಲೇ ಬಸ್ಸು ಹಿಡಿದು ತಪ್ಪದೆ ಪರೀಕ್ಷೆಗೆ ಬರುತ್ತಿದ್ದಳು.

ಆ ನಡುವೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹೊಸ ಸಂಗತಿ ಓದಿದೆ. ಕೂಸೇ ಇಲ್ಲದ ಇಂಥ ಗರ್ಭದ ಕೋಶಗಳಲ್ಲಿ ಕ್ರೋಮೊಸೋಮುಗಳೆಲ್ಲ ತಂದೆಯ ಕಡೆಯವೇ. ತಾಯಿಯದು ಒಂದೂ ಇರುವುದಿಲ್ಲ. ಕೊನೆಯ ಪರೀಕ್ಷೆಯೂ ಚೆನ್ನಾಗಿ ಬಂದ ದಿನ ಅದನ್ನು ಈರಮ್ಮನಿಗೆ ತಿಳಿಸಿ ಹೇಳಿದೆ. ಅತ್ತೆ ಹೊರಿಸಿದ ಭಾರ ಇಳಿದೀತೆಂದು ನನ್ನ ಎಣಿಕೆ.

ಅವಳು ಪರೀಕ್ಷೆಯ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು.

"ಅದರಾಗ ನಂದು ಏನೂ ಇದ್ದಿಲ್ಲೇನ್ರಿ, ಡಾಕ್ಟರ್ ಬಾಯಾರ?"

ಇಲ್ಲ ಎಂದೆ.

"ನಾಕ್ ತಿಂಗಳು ಅದರ ಕೂಡ ಮಾತಾಡೀನ್ರಿ."

ತಪ್ಪಿಲ್ಲವೆಂದು ತೋರಿಸಿಕೊಟ್ಟ ಮಾತ್ರಕ್ಕೆ ಸಮಾಧಾನವಾಗುವುದಿಲ್ಲ ಎಂದು ಅಂದು ಕಲಿತೆ. ಆಮೇಲೆ ಇಂಥ ಹೆಂಗಸರು ಇನ್ನೂ ಬಂದರು. ಕ್ರೋಮೊಸೋಮಿನ ಮಾತು ತೆಗೆಯುವ ಮೊದಲು, ಕೂಸಿಗೆ ಏನಾದರೂ ಹೆಸರು ಇಟ್ಟುಕೊಂಡಿದ್ದೆಯಾ ಎಂದು ಕೇಳುತ್ತಿದ್ದೆ.