ಗಂಡು ಹೆಣ್ಣಿನ ಲೆಕ್ಕಕ್ಕೊಂದು ನಾಟ್ಯ

ಸುವರ್ಣಾ ನಾಗರಬಾವಿಯ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರದ ಟೀಚರು. ಚಿಕ್ಕಂದಿನಿಂದ ಕಲಿತ ಭರತನಾಟ್ಯವನ್ನು ಪಾಠಕ್ಕೆ ಬಳಸುತ್ತಿದ್ದಳು, ರಜೆ ಬಂದರೆ ಬೀದಿಗೂ ಒಯ್ಯುತ್ತಿದ್ದಳು. 2007ರ ಗಣೇಶನ ಹಬ್ಬಕ್ಕೆ ಕಾಮಾಕ್ಷಿಪಾಳ್ಯದ ಪೆಂಡಾಲಿನಲ್ಲಿ ಕುಣಿಯಲು ಒಪ್ಪಿದ್ದು ಅದೇ ಬೀದಿಯ ಪಾರವ್ವನಿಗಾಗಿ. ಪಾರವ್ವ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ಅವಳ ದೊಡ್ಡ ಮಗಳು ಸುವರ್ಣಾಳ ವಿದ್ಯಾರ್ಥಿನಿ. ಮೂರು ಹೆಣ್ಣು ಹೆತ್ತ ಪಾರವ್ವ ಮತ್ತೆ ಬಸುರಿ. ಇದೂ ಹೆಣ್ಣಾದರೆ ಮಗ ದುಂಡೇಶನಿಗೆ ಬೇರೆ ಮದುವೆ ಮಾಡುತ್ತೇನೆಂದು ಅತ್ತೆ ಲಕ್ಷ್ಮವ್ವ ಬೀದಿಗೆಲ್ಲ ಸಾರಿದ್ದಳು.

ವೇದಿಕೆ ಹತ್ತುವಾಗ ಹಬ್ಬ ನಡೆಸುವ ಸಂಘದ ಅಧ್ಯಕ್ಷ ಅಂಜಿನಯ್ಯ ಅಡ್ಡ ನಿಂತ. "ಮೇಡಂ, ಗಂಡು-ಹೆಣ್ಣಿನ ವಿಷಯ ಎತ್ತಬೇಡಿ. ಗಲಾಟೆ ಆಗುತ್ತೆ."

"ನೋಡೋಣ ಸಾರ್," ಎಂದಳು.

ತಾಯಿಯಾಗಿ ನಿಂತು ಎರಡೂ ಕೈಯಲ್ಲಿ ಅರಳಿದ ಹೂವಿನ ಮುದ್ರೆ ತೋರಿಸಿದಳು. ತಂದೆಯಾಗಿ ತಿರುಗಿದಾಗ ಒಂದು ಕೈಯಲ್ಲಿ ಹೂ, ಇನ್ನೊಂದರಲ್ಲಿ ಮುಷ್ಟಿ. "ಮಗುವಿಗೆ ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಹೂವಿಗೆ ಹೂ ಸೇರಿದ್ರೆ ಹೆಣ್ಣು, ಮುಷ್ಟಿ ಸೇರಿದ್ರೆ ಗಂಡು. ಅಮ್ಮನ ಹತ್ರ ಮುಷ್ಟಿ ಎಲ್ಲಿದೆ ಹೇಳಿ?"

ಲಕ್ಷ್ಮವ್ವ ದಡಕ್ಕನೆ ಎದ್ದಳು. "ಅಂದ್ರ ತಪ್ಪು ನನ್ನ ಮಗಂದೇನು?"

ಅಂಜಿನಯ್ಯ ಕೈಸನ್ನೆ ಮಾಡಿದ. ಮೈಕು, ಹಾಡು ಎರಡೂ ನಿಂತವು. ಕಂಬದ ಹತ್ತಿರ ಪಾರವ್ವ ಸೆರಗು ಕಚ್ಚಿಕೊಂಡಿದ್ದಳು. ಇಲ್ಲಿಗೇ ಬಿಟ್ಟರೆ ಈ ಸಿಟ್ಟೆಲ್ಲ ಅವಳ ಮೇಲೆಯೇ ಬೀಳುತ್ತದೆ ಎಂದು ಸುವರ್ಣಾಳಿಗೆ ಗೊತ್ತಾಯಿತು. ಗೆಜ್ಜೆಯಲ್ಲೇ ತಾಳ ಹಾಕುತ್ತ ಕೆಳಗಿಳಿದು ಬಂದಳು. ಕೈಗಳನ್ನು ಬೆನ್ನ ಹಿಂದೆ ಒಯ್ದು ಹೂ, ಮುಷ್ಟಿಗಳನ್ನು ಅದಲುಬದಲು ಮಾಡಿದಳು.

"ತಪ್ಪು ಯಾರದೂ ಅಲ್ಲಮ್ಮ. ನಾನೀಗ ಅಪ್ಪ. ಒಂದು ಕೈ ಆರಿಸಿ."

ಲಕ್ಷ್ಮವ್ವ ಎಡತೋಳು ಮುಟ್ಟಿದಳು. ಸುವರ್ಣಾ ಆ ಕೈ ಮುಂದೆ ತಂದಳು. ಮುಷ್ಟಿ!

"ನೋಡ್ರಿ, ನಾ ಮುಟ್ಟಿದ್ರ ಗಂಡು!"

ಜನ ಹೋ ಎಂದರು. ಸುವರ್ಣಾ ಕೈಗಳನ್ನು ಮತ್ತೆ ಬೆನ್ನ ಹಿಂದೆ ಒಯ್ದಳು. "ಇನ್ನೊಂದ್ಸಲ ಆರಿಸಿ."

ಹೂ. ಮತ್ತೆ ಹೂ. ಲಕ್ಷ್ಮವ್ವ ಹಟ ಹಿಡಿದು ಇನ್ನೊಮ್ಮೆ ಮುಟ್ಟಿದಳು. ಮತ್ತೂ ಹೂವೇ.

"ಮುಂದಿನದು ಗಂಡೇ ಅಲ್ವಾ?" ಗುಂಪಿನಿಂದ ಯಾರೋ ಕೂಗಿದರು.

"ಇಲ್ಲ. ಪ್ರತಿ ಸಲವೂ ಅರ್ಧಕ್ಕರ್ಧ. ಹಿಂದೆ ಬಂದಿದ್ದನ್ನ ಕೈ ನೆನಪಿಟ್ಕೊಳ್ಳಲ್ಲ."

ಜನರನ್ನು ಸರಿಸಿಕೊಂಡು ದುಂಡೇಶ ಬಂದ. ಸುವರ್ಣಾ ಎರಡು ಹೆಜ್ಜೆ ಹಿಂದೆ ಸರಿದಳು. ಅವನು ತಾಯಿಯ ರಟ್ಟೆ ಹಿಡಿದ.

"ಸಾಕ್ ಬಾ ಯವ್ವಾ. ಇನ್ಮ್ಯಾಲ ಪಾರವ್ವನ್ನ ಬೈಬ್ಯಾಡ."

ಮಾರನೆಯ ವರ್ಷದ ಹಬ್ಬಕ್ಕೆ ಸಂಘದವರು ಸುವರ್ಣಾಳನ್ನು ಕರೆಯಲಿಲ್ಲ. ಅದಕ್ಕೂ ಮೊದಲೇ ಪಾರವ್ವನಿಗೆ ನಾಲ್ಕನೆಯದೂ ಹೆಣ್ಣೇ ಆಯಿತು. ಲಕ್ಷ್ಮವ್ವ ಮೊದಮೊದಲು ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ಬಾಣಂತಿಗೆ ಬೆಳ್ಳುಳ್ಳಿ ಸಾರು ಹಿಡಿದು ಬಂದು, ಯಾರ ಮುಖವನ್ನೂ ನೋಡದೆ ಕೂಸನ್ನು ಎತ್ತಿಕೊಂಡಳು.