ಸೆಲೆರಾನೋ ಡ್ಯುರಾನೋ ಎಂಬ ದಿಗಿಲು

ಮೊನ್ನೆ ಮಧ್ಯಾಹ್ನ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಓದುತ್ತಿದ್ದಳು. ಪಕ್ಕದಲ್ಲಿ ಹಾದುಹೋಗುವಾಗ ಅದರ ಕಿಂಡಿಯಿಂದ ಬಂದ ಬಿಸಿಗಾಳಿ ಕೈಗೆ ತಾಗಿತು. ಜೊತೆಗೆ ಕಾದ ಧೂಳಿನ ವಾಸನೆ. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅದರ ಮೇಲೆ ಅಂಗೈ ಇಟ್ಟು, "ಸ್ವಲ್ಪ ಹೊತ್ತು ಆಫ್ ಮಾಡೆ, ಬಿಸಿ ಆಗೈತೆ" ಎಂದೆ. "ಅದು ಇರೋದೇ ಹಂಗೆ ಕಣಮ್ಮ" ಎಂದು ಅವಳು ನಕ್ಕಳು. ನನಗೆ ಮಾತ್ರ ಆ ವಾಸನೆಯೊಡನೆ ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಬೇಸಿಗೆ ಪೂರ್ತಿ ಎದ್ದು ಬಂತು.

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬರುವವರನ್ನು ನೀವೂ ಕಂಡಿರುತ್ತೀರಿ. ನಾನು ಆ ಜಾತಿಯವಳು. ಬಂದು ನೋಡಿದರೆ ಆರಿಸಿರುತ್ತೇನೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹೆದರಿಕೆಗೆ ಸರಿಯಾದ ಜಾಗ ಹುಡುಕುವ ಜಾಣತನ ನನಗೆ ಎಂದೂ ಬರಲಿಲ್ಲ ಎನ್ನುವುದಕ್ಕೇ ಈ ಕಥೆ ಹೇಳುತ್ತಿದ್ದೇನೆ.

ಅಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗಳಿಗೆ ಡಿಸೈನ್ ಬರೆಯುತ್ತಿದ್ದ. ಗ್ರಾಫ್ ಹಾಳೆಯ ಸಣ್ಣ ಸಣ್ಣ ಚೌಕಗಳನ್ನು ಬಣ್ಣದ ಪೆನ್ಸಿಲಿನಿಂದ ತುಂಬುವ ಕೆಲಸ. ಚೌಕಕ್ಕೆ ಅವನು 'ಮನೆ' ಎನ್ನುತ್ತಿದ್ದ. ಹಾಳೆಯಲ್ಲಿ ಒಂದು ಮನೆ ತಪ್ಪಿದರೆ ಮಗ್ಗದ ಮೇಲೆ ಗಿಳಿಯ ಕೊಕ್ಕು ಮುರಿದಂತೆ ಕಾಣುತ್ತದೆ. ಅವ್ವ ಪಕ್ಕದಲ್ಲೇ ಚರಕದ ಮುಂದೆ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆ. ಚರಕ ನಿಂತಾಗ ಅಪ್ಪ ತಲೆ ಎತ್ತುತ್ತಿದ್ದ, ಅಷ್ಟೇ.

ನಾನು ಮದುವೆಯಾಗಿ ಚಳ್ಳಕೆರೆಗೆ ಬಂದ ಕೆಲವು ವರ್ಷಗಳಿಗೆ ಅಪ್ಪನ ಗಿಳಿಗಳ ಕೊಕ್ಕು ನಿಜವಾಗಿಯೂ ಮುರಿಯತೊಡಗಿತು. ಹಾಳೆಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು, ತಲೆಯನ್ನು ಅತ್ತಿತ್ತ ತಿರುಗಿಸಿ ಬರೆಯುತ್ತಿದ್ದ. ಕನ್ನಡಕ ಬದಲಾಯಿತು. ಪ್ರಯೋಜನವಾಗಲಿಲ್ಲ. ಮಗ್ಗದ ಯಜಮಾನರು ಬೇರೆ ಊರಿಂದ ಕಂಪ್ಯೂಟರಿನಲ್ಲಿ ಮಾಡಿದ ಡಿಸೈನ್ ತರಿಸುತ್ತಾರಂತೆ ಎಂಬ ಸುದ್ದಿ ಬಂತು. ಕೆಲಸ ಕೈಬಿಟ್ಟರೆ ಅಪ್ಪ ಬದುಕುವ ಬಗೆ ನನಗೆ ಕಲ್ಪನೆಗೇ ಬರಲಿಲ್ಲ. ಚಳ್ಳಕೆರೆಯ ಕ್ಲಾಸಿನಲ್ಲಿ ಅಷ್ಟಿಷ್ಟು ಕಂಪ್ಯೂಟರ್ ಕಲಿತಿದ್ದ ನನಗೆ ಒಂದು ಉಪಾಯ ಹೊಳೆಯಿತು. ಪರದೆಯ ಮೇಲೆ ಒಂದೊಂದು ಮನೆಯನ್ನೂ ಬೆಂಕಿಪೆಟ್ಟಿಗೆಯಷ್ಟು ದೊಡ್ಡದು ಮಾಡಬಹುದಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರಿಯಾಜ್ ಎಂಬುವನ ಕಂಪ್ಯೂಟರ್ ಅಂಗಡಿಯಿತ್ತು. ನಮ್ಮ ಕೈಗೆಟುಕುವಂಥವು ಎರಡೇ ಇದ್ದವು. ಒಂದರ ಒಳಗೆ ಸೆಲೆರಾನ್, ಇನ್ನೊಂದರ ಒಳಗೆ ಡ್ಯುರಾನ್. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಬಿಲ್ಲೆ. ಅದೇ ಕಂಪ್ಯೂಟರಿನ ಮಿದುಳಂತೆ.

"ಅಕ್ಕ, ಎರಡರ ಸ್ಪೀಡೂ ಒಂಬೈನೂರೇ" ಎಂದ ರಿಯಾಜ್. "ಆದ್ರೆ ಡ್ಯುರಾನ್‌ಗೆ ಸಾಮಾನು ಓಡಾಡೋ ರಸ್ತೆ ಅಗಲ ಐತೆ. ಕೆಲ್ಸ ಬೇಗ ಆಗ್ತೈತೆ, ರೇಟೂ ಕಮ್ಮಿ."

"ಮತ್ತೆ ಜನ ಸೆಲೆರಾನ್ ಯಾಕೆ ಕೇಳ್ತಾರೆ?"

"ಹೆಸ್ರು ಐತೆ, ತಣ್ಣಗಿರ್ತೈತೆ. ಡ್ಯುರಾನ್ ಸ್ವಲ್ಪ ಬಿಸಿ. ಫ್ಯಾನ್ ತಿರುಗ್ತಿದ್ರೆ ಏನೂ ಚಿಂತಿಲ್ಲ. ಫ್ಯಾನ್ ನಿಂತ್ರೆ ಮಾತ್ರ ಕಷ್ಟ."

ಈ ಕೊನೆಯ ಮಾತನ್ನು ಅವನು ಹೇಳಬಾರದಿತ್ತು, ನನ್ನಂಥವಳಿಗಂತೂ ಹೇಳಲೇಬಾರದಿತ್ತು.

ಅಪ್ಪನ ಹಳೆಯ ನವಿಲಿನ ಸೆರಗಿನ ಹಾಳೆಯನ್ನು ಸ್ಕ್ಯಾನ್ ಮಾಡಿಸಿ ಎರಡು ಕಂಪ್ಯೂಟರಿಗೂ ಹಾಕಿಸಿದೆ. ನವಿಲನ್ನು ಹಿಗ್ಗಿಸುವುದು, ಎಡಬಲ ತಿರುಗಿಸುವುದು, ಬಣ್ಣ ಬದಲಿಸುವುದು. ಡ್ಯುರಾನಿನಲ್ಲಿ ನವಿಲು ತಿರುಗಿ ನಿಂತಾಗಲೂ ಸೆಲೆರಾನಿನಲ್ಲಿ ಮರಳಿನ ಗಡಿಯಾರದ ಗುರುತು ಇನ್ನೂ ಕೂತೇ ಇರುತ್ತಿತ್ತು. ನಂಬಿಕೆಯಾಗದೆ ಮತ್ತೆ ಮತ್ತೆ ಮಾಡಿಸಿದೆ. ರಿಯಾಜ್ ಚಹಾ ತರಿಸಿದ. ಆಮೇಲೆ ಸುಮ್ಮನೆ ಪೇಪರ್ ಓದುತ್ತ ಕೂತ.

"ನಮ್ ಬಿಸಿಲಿಗೆ ಮನುಷ್ಯರೇ ಕಾಯ್ತಾರೆ. ತಣ್ಣಗಿರೋದನ್ನೇ ತಗೋ" ಎಂದರು ಎಣ್ಣೆ ಮಿಲ್ಲಿನ ಯಂತ್ರಗಳ ನಡುವೆಯೇ ಬದುಕಿದ್ದ ನಮ್ಮ ಯಜಮಾನರು. "ಮೊಳಕಾಲ್ಮೂರಲ್ಲಿ ಕೆಟ್ರೆ ಯಾರು ನೋಡ್ತಾರೆ?"

ಆ ಮಾತು ಸರಿಯೇ. ಆದರೆ ಡ್ಯುರಾನ್ ತೆಗೆದುಕೊಂಡರೆ ಉಳಿಯುವ ಹಣಕ್ಕೆ ಒಂದು ಸೈಜು ದೊಡ್ಡ ಪರದೆ ಬರುತ್ತಿತ್ತು. ಅಪ್ಪನಿಗೆ ಬೇಕಾದದ್ದು ಕಣ್ಣಿಗೆ ಕಾಣುವುದು ತಾನೇ. ವಾರವೆಲ್ಲ ನಿದ್ದೆಗೆಟ್ಟು, ಕೊನೆಗೆ ಡ್ಯುರಾನನ್ನೂ ದೊಡ್ಡ ಪರದೆಯನ್ನೂ ಕಂಬಳಿಯಲ್ಲಿ ಸುತ್ತಿಸಿ ಮೊಳಕಾಲ್ಮೂರಿಗೆ ಒಯ್ದೆ. ಎರಡು ದಿನ ಅಲ್ಲೇ ಇದ್ದು ಅಪ್ಪನಿಗೆ ಮೌಸ್ ಹಿಡಿಯುವುದನ್ನು ಹೇಳಿಕೊಟ್ಟೆ. ಅವ್ವ ಬಾಗಿಲಿಗೊರಗಿ ನಿಂತು ನೋಡುತ್ತಿದ್ದಳು.

ಚಳ್ಳಕೆರೆಗೆ ಮರಳಿದ ಮೇಲೆ ದಿಗಿಲು ಶುರುವಾಯಿತು. ಬೇಸಿಗೆ ಏರುತ್ತಿತ್ತು. ಆ ಮನೆಯದು ಕಲ್ಲುಚಪ್ಪಡಿಯ ಮಾಡು; ಮಧ್ಯಾಹ್ನ ಒಲೆಯಂತೆ ಕಾಯುತ್ತದೆ. ದಿನಾ ಫೋನ್ ಮಾಡುತ್ತಿದ್ದೆ. ಅವ್ವನೇ ಎತ್ತುತ್ತಿದ್ದಳು.

"ಫ್ಯಾನ್ ತಿರುಗ್ತೈತಾ?"

"ತಿರುಗ್ತೈತೆ."

"ಸದ್ದು ಹೆಂಗೈತೆ?"

"ಹಿಟ್ಟಿನ ಗಿರಣಿ ಹಂಗೇನಿಲ್ಲ. ಚೆನ್ನಾಗೈತೆ."

"ಅಪ್ಪನ ಕೆಲ್ಸ?"

"ಡಿಸೈನ್ ಆಗ್ತಾವೆ ಕಣೆ."

ಒಂದು ದಿನ ರಿಯಾಜ್ ದಾರಿಯಲ್ಲಿ ಸಿಕ್ಕವನು, ದೇವಸಮುದ್ರದ ಒಬ್ಬರ ಕಂಪ್ಯೂಟರಿನ ಫ್ಯಾನಿಗೆ ಹಲ್ಲಿ ಸಿಕ್ಕಿ ಒಳಗೆಲ್ಲ ಸುಟ್ಟುಹೋಯಿತೆಂದು ತಮಾಷೆಯಾಗಿ ಹೇಳಿದ. ನಮ್ಮ ಮೊಳಕಾಲ್ಮೂರಿನ ಮನೆಯಲ್ಲಿ ಹಲ್ಲಿಗಳು ಮನೆಮಂದಿಗಿಂತ ಹೆಚ್ಚು. ಓಡಿಬಂದು ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಸಂಜೆಯೂ ಇಲ್ಲ, ಬೆಳಿಗ್ಗೆಯೂ ಇಲ್ಲ. ಸಿಕ್ಕ ಬಸ್ಸು ಹತ್ತಿದೆ. ಅದು ಬಿ.ಜಿ. ಕೆರೆಯಲ್ಲಿ ಯಾರದೋ ಕಡಲೆಕಾಯಿ ಮೂಟೆ ಏರಿಸಿಕೊಳ್ಳುತ್ತ ನಿಂತೇಬಿಟ್ಟಿತು. ಸುಟ್ಟ ಯಂತ್ರ, ಅದರ ಮುಂದೆ ಕೈಚೆಲ್ಲಿ ಕೂತ ಅಪ್ಪ. ದಾರಿಯುದ್ದಕ್ಕೂ ಅದೇ ಕಣ್ಣಮುಂದೆ. ಸೆಲೆರಾನ್ ತರದಿದ್ದುದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಮನೆ ತಲುಪಿದಾಗ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಅಪ್ಪನ ದನಿ ಕೇಳಿಸಿತು.

"ಬಲಕ್ಕೆ ಮೂರು ಮನೆ. ಮೇಲಕ್ಕೆ ಒಂದು. ಅಲ್ಲಿ ಕೆಂಪು ತುಂಬು."

"ತುಂಬಿದೆ."

"ಕೊಕ್ಕು ಬಂತಾ?"

"ಬಂತು. ಚೆನ್ನಾಗಿ ಬಾಗೈತೆ."

ಇಣುಕಿದೆ. ಅಪ್ಪ ಚಾಪೆಯ ಮೇಲೆ ಕಣ್ಣುಮುಚ್ಚಿ ಗೋಡೆಗೊರಗಿದ್ದ. ಕುರ್ಚಿಯ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೌಸ್ ಹಿಡಿದು ಕೂತಿದ್ದವಳು ಅವ್ವ. ಕಂಪ್ಯೂಟರಿನ ಫ್ಯಾನು ಗುಯ್ಯೆನ್ನುತ್ತ ಸುಖವಾಗಿ ತಿರುಗುತ್ತಿತ್ತು. ಕೆಟ್ಟದ್ದು ಫೋನಿನ ಲೈನು ಮಾತ್ರ.

ನನ್ನನ್ನು ಕಂಡು ಅವ್ವ ಎದ್ದು ನಿಂತಳು, ಕದ್ದು ಸಿಕ್ಕಿಬಿದ್ದವಳ ಹಾಗೆ. "ಎಷ್ಟು ದಿನದಿಂದ?" ಎಂದೆ.

"ನೀನು ತಂದಿಟ್ಟು ಹೋದ ವಾರದಿಂದಾನೇ" ಎಂದ ಅಪ್ಪ, ಕಣ್ಣು ತೆರೆಯದೆ. "ನಡುವೆ ಒಂದು ತುಂಡು ಕಾಣ್ತೈತೆ. ಸುತ್ತ ಎಲ್ಲಾ ಮಬ್ಬು. ನೀನು ದೊಡ್ಡದು ಮಾಡಿದಷ್ಟೂ ನವಿಲು ಆ ತುಂಡಿನಿಂದ ಆಚೆ ಹೋಗ್ತೈತೆ ಕಣವ್ವ."

ಹೊಸ್ತಿಲ ಮೇಲೇ ಕೂತೆ. ಅಷ್ಟೆಲ್ಲ ತೂಗಿ ನೋಡಿ ತಂದ ದೊಡ್ಡ ಪರದೆ ಅವನಿಗೆ ಉಪಯೋಗವೇ ಇರಲಿಲ್ಲ. "ನನಗ್ಯಾಕೆ ಹೇಳಲಿಲ್ಲ?"

ಉತ್ತರ ಹೇಳಿದವಳು ಅವ್ವ. "ಒಂದು ಫ್ಯಾನಿಗೇ ದಿನಾ ಅಷ್ಟು ಒದ್ದಾಡ್ತಿದ್ದೆ. ಇದನ್ನ ಹೇಳಿದ್ರೆ ನಿನ್ ಗತಿ ಏನು ಅಂತ ಸುಮ್ಮನಾದ್ವಿ."

ಮರುದಿನವೇ ಚಿತ್ರದುರ್ಗಕ್ಕೆ ಕರೆದೊಯ್ದೆ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗಿದೆ, ಹೋದ ನೋಟ ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಉಳಿದದ್ದು ಉಳಿಯುತ್ತದೆ ಎಂದರು ಡಾಕ್ಟರು. ಇನ್ನೂ ತಡಮಾಡಿದ್ದರೆ ಅದೂ ಇರುತ್ತಿರಲಿಲ್ಲವಂತೆ. ಆ ಉಳಿದ ತುಂಡು ಅಪ್ಪನಿಗೆ ಕೊನೆಯವರೆಗೂ ಉಳಿಯಿತು. ನನ್ನ ಮಗಳ ಮುಖವನ್ನು ಅವನು ಅದರಲ್ಲೇ ನೋಡಿದ, ಒಂದು ಕೆನ್ನೆ ಆಮೇಲೆ ಇನ್ನೊಂದು ಕೆನ್ನೆ.

ಡಿಸೈನ್ ಕೆಲಸವೂ ನಿಲ್ಲಲಿಲ್ಲ. ದೊಡ್ಡ ಪರದೆ ಅವ್ವನ ಕಣ್ಣಿಗೆ ಒಗ್ಗಿತು. ಕೆಲವು ತಿಂಗಳಾದ ಮೇಲೆ ಅಪ್ಪ "ಮೂರು ಮನೆ" ಎಂದರೆ ಅವಳು "ಬೇಡ, ನಾಲ್ಕಿರ್ಲಿ, ಕತ್ತು ಗಿಡ್ಡ ಆಗ್ತೈತೆ" ಎನ್ನತೊಡಗಿದಳು. ಮೊದಮೊದಲು ಅವನು ರೇಗಿದ. ಆ ಸೀರೆ ಮಗ್ಗದಿಂದ ಇಳಿದ ದಿನ ಸೆರಗನ್ನು ಬೆರಳಿಂದ ಸವರಿ, "ಇರ್ಲಿ ಬಿಡು, ನಾಲ್ಕೇ ಸರಿ" ಎಂದ. ಡ್ಯುರಾನ್ ವರ್ಷಗಟ್ಟಲೆ ಬಿಸಿಯಾಗುತ್ತಲೇ ಇತ್ತು, ಸುಡಲಿಲ್ಲ.

ಅಪ್ಪ ಹೋಗಿ ಬಹಳ ಕಾಲವಾಯಿತು. ಅವ್ವ ಮೊಳಕಾಲ್ಮೂರಿನಲ್ಲಿ, ಆಮೇಲೆ ಊರಿಗೆ ಮರಳಿದ ನನ್ನ ತಮ್ಮನ ಜೊತೆಗಿದ್ದಾಳೆ. ಮೊನ್ನೆ ಮಗಳು ನಕ್ಕ ಮೇಲೆ ಹಿತ್ತಲಿಗೆ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಹೆಂಗಿದೀಯವ್ವ?"

"ಚೆನ್ನಾಗಿದೀನಿ. ನೀನು?"

ಮೊದಲಾಗಿದ್ದರೆ ಮಾತ್ರೆ ತಗೊಂಡ್ಯಾ, ಊಟ ಮಾಡಿದ್ಯಾ ಎಂದು ಕೇಳುತ್ತ ಹೋಗುತ್ತಿದ್ದೆ. ಈಗ ಕೇಳಲಿಲ್ಲ. "ನಾಳೆ ಬರ್ತೀನಿ" ಎಂದೆ.

"ಬಾ" ಎಂದಳು ಅವ್ವ. "ಮೊನ್ನೆ ಬಚ್ಚಲಲ್ಲಿ ಬಿದ್ದೆ. ಯಾರಿಗೂ ಹೇಳಿಲ್ಲ."