ಸಮುದ್ರ ತಣ್ಣಗಾದ ವರ್ಷ

ನಿನ್ನೆ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಯಾರ ಮನೆಯಿಂದಲೋ ಬೂತಾಯಿ ಮೀನು ಹುರಿಯುವ ವಾಸನೆ ಬಂತು. ಉಳಿದವರಿಗೆ ಬಾಯಲ್ಲಿ ನೀರೂರುವ ವಾಸನೆ. ನನಗೆ ಈಗಲೂ ಮೈ ಉರಿಯುತ್ತದೆ.

ಪಕ್ಕದ ಮನೆಯವರದು ಕಲ್ಯಾಣದಲ್ಲಿ ಮೀನೂಟದ ಹೋಟೆಲು. ಮಲ್ಪೆಯಿಂದ ಬರುವ ಬೂತಾಯಿಗೇ ಅದು ಹೆಸರುವಾಸಿ. ಆ ಮನೆಗೆ ಸೊಸೆಯಾಗಿ ಬಂದ ಉಡುಪಿ ಕಡೆಯ ಹುಡುಗಿ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳು ಬಂದದ್ದು ಹದಿನೈದನೇ ಇಸವಿಯ ಸುಮಾರಿಗೆ... ಅದೇ ವರ್ಷ ಕಡಲಲ್ಲಿ ಬೂತಾಯಿ ಕಾಣೆಯಾಯಿತು. ಹೋಟೆಲು ಖಾಲಿ ಹೊಡೆಯಿತು. ಕಾರಣ ಹುಡುಕಲು ಅತ್ತೆ ದೂರ ಹೋಗಲಿಲ್ಲ. "ಇವಳ ಕಾಲ್ಗುಣ" ಎಂದರು. ಗಂಡನೆಂಬ ಮಹಾಶಯ ಎದ್ದು ಹೋಟೆಲಿಗೆ ಹೊರಟ.

ನಾನು ಶಾಲೆಯಲ್ಲಿ ಭೂಗೋಳ ಕಲಿಸುವವಳು. ಒಂದು ಮಧ್ಯಾಹ್ನ ಅವಳು ನನ್ನ ಅಡುಗೆಮನೆಯಲ್ಲಿ ಅಳುತ್ತ ಕೂತಾಗ, ಬಟ್ಟಲಿನ ಬಿಸಿ ಹಾಲನ್ನು ಊದಿ ತೋರಿಸಿದೆ. ಊದುವಷ್ಟು ಹೊತ್ತು ಕೆನೆ ಆಚೆ ಅಂಚಿನಲ್ಲಿ ನಿಲ್ಲುತ್ತದೆ, ಬಿಟ್ಟರೆ ಈಚೆ ಬರುತ್ತದೆ. ಪೆಸಿಫಿಕ್ ಸಾಗರದಲ್ಲೂ ಕೆಲವು ವರ್ಷಗಳಿಗೊಮ್ಮೆ ಗಾಳಿ ಸೋತು, ಅದು ಪಶ್ಚಿಮಕ್ಕೆ ತಳ್ಳಿಟ್ಟಿದ್ದ ಬಿಸಿನೀರು ಪೂರ್ವಕ್ಕೆ ಹರಡುತ್ತದೆ. ಅದೇ ಎಲ್ ನಿನೊ. ಆಗ ಗಾಳಿ, ಮೋಡಗಳ ದಾರಿಯೇ ಬದಲಾಗಿ ನಮ್ಮ ಅರಬ್ಬಿ ಸಮುದ್ರವೂ ಕಾಯುತ್ತದೆ. ಕಾದ ನೀರಲ್ಲಿ ಬೂತಾಯಿ ನಿಲ್ಲುವುದಿಲ್ಲ. ಗಾಳಿ ಮತ್ತೆ ಬಲವಾದರೆ ಎಲ್ಲ ತಣಿಯುತ್ತದೆ ಎಂದೆ.

"ಹಾಗಾದ್ರೆ ನನ್ನಿಂದ ಅಲ್ಲ ಅಲ್ವಾ ಅಕ್ಕ?" ಎಂದಳು.

ಅತ್ತೆಗೂ ಹೋಗಿ ಹೇಳಿದೆ. "ಎಲ್ಲಿಯ ಪೆಸಿಫಿಕ್, ಎಲ್ಲಿಯ ಮಲ್ಪೆ ಮಾರಾಯ್ರೆ! ಅದನ್ನೆಲ್ಲ ಮಕ್ಕಳಿಗೆ ಹೇಳಿ ಟೀಚರ್" ಎಂದು ನಕ್ಕರು.

ಆಮೇಲೆ ಲಿಫ್ಟಿನಲ್ಲಿ, ತರಕಾರಿಯವನ ಮುಂದೆ, ಎಲ್ಲಿ ಸಿಕ್ಕರೂ ಅವಳದು ಒಂದೇ ಪ್ರಶ್ನೆ: "ಸಮುದ್ರ ತಣ್ಣಗಾಯ್ತಾ ಅಕ್ಕ?" ಇನ್ನೂ ಸ್ವಲ್ಪ ತಡಿ ಎನ್ನುತ್ತಿದ್ದೆ. ತಡೆಯುವುದು ಅವಳ ಕೈಯಲ್ಲಿ ಎಲ್ಲಿತ್ತು? ಒಂದು ದಿನ ಗಂಡನೇ ಅವಳನ್ನು ಊರಿನ ಬಸ್ಸು ಹತ್ತಿಸಿ ಬಂದ. ಸ್ವಲ್ಪ ದಿನಕ್ಕೆ ತವರಿಗೆ ಹೋಗಿದ್ದಾಳೆ ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ...

ಮರುವರ್ಷ ಸಮುದ್ರ ತಣಿಯಿತು, ಬೂತಾಯಿ ಬಂತು. ಅತ್ತೆ ಒಂದು ತಟ್ಟೆ ಹುರಿದು ನನ್ನ ಬಾಗಿಲಿಗೇ ತಂದರು. "ನೋಡಿದ್ರಾ ಟೀಚರ್? ಅವಳು ಹೋದದ್ದೇ ತಡ, ಮೀನು ಬಂತು!" ತಟ್ಟೆಯನ್ನು ಹಾಗೇ ತಿರುಗಿ ಕೊಟ್ಟೆ. ಅವರು ಬೇಜಾರೂ ಮಾಡಿಕೊಳ್ಳಲಿಲ್ಲ.

ಈಗ ಅವಳೆಲ್ಲಿದ್ದಾಳೋ, ಗೊತ್ತಿಲ್ಲ. ತವರು ಮಲ್ಪೆಗೆ ಹತ್ತಿರ. ಮೀನು ಮರಳಿದ ಸುದ್ದಿ ನಮಗಿಂತ ಮೊದಲೇ ಅವಳಿಗೆ ಮುಟ್ಟಿರಬೇಕು. ಆಗ ಅವಳಿಗೆ ನನ್ನ ಹಾಲಿನ ಬಟ್ಟಲು ನೆನಪಾಯಿತೋ, ಇಲ್ಲಾ ಅತ್ತೆಯ ಮಾತೇ ನಿಜ ಅನಿಸಿಬಿಟ್ಟಿತೋ...